ನೀರು ತಿರುಗುವವರೆಗೆ

ಕುಂದಾಪುರದ ಬಳಿಯ ಗಂಗೊಳ್ಳಿಯಲ್ಲಿ, ನದಿ ಕಡಲು ಸೇರುವ ಅಳಿವೆಯಲ್ಲಿ, ನನ್ನ ಪುಟ್ಟ ಫೈಬರ್ ದೋಣಿ ಮಗುಚುವುದು ಸ್ವಲ್ಪದರಲ್ಲೇ ತಪ್ಪಿದ ದಿನ ಆಕಾಶದಲ್ಲಿ ಒಂದು ಚೂರು ಮೋಡವೂ ಇರಲಿಲ್ಲ. ಮೇ ತಿಂಗಳು, ಹುಣ್ಣಿಮೆಯ ಮರುದಿನ, ಮಧ್ಯಾಹ್ನ ಮೂರೂವರೆ ಗಂಟೆ. ಬೆಳಿಗ್ಗೆ ಹೊರಡುವ ಮೊದಲು ಮೊಬೈಲಿನಲ್ಲಿ ಗಾಳಿಯ ಮುನ್ಸೂಚನೆ ನೋಡಿಕೊಂಡಿದ್ದೆ: ಗಂಟೆಗೆ 15 ಕಿ.ಮೀ., ಅಷ್ಟೇ. ಸೋದರಳಿಯನೂ ನಾನೂ ಗಾಳ ಹಾಕಿ, ನಾಲ್ಕಾರು ಮೀನು ಹಿಡಿದು, ಬಿಸಿಲು ಹೆಚ್ಚಾಯಿತೆಂದು ಮರಳುತ್ತಿದ್ದೆವು. ಹೊರಗಿನ ಕಡಲು ನಿದ್ದೆ ಹೋದವರ ಎದೆಯಂತೆ ನಿಧಾನವಾಗಿ ಏರಿ ಇಳಿಯುತ್ತಿತ್ತೇ ಹೊರತು ಒಂದು ಬಿಳಿ ನೊರೆಯನ್ನೂ ತೋರಿಸಿರಲಿಲ್ಲ. ಅಳಿವೆಯ ಬಾಯಿಗೆ ಮುಖ ಮಾಡಿ, ನೀರಡಿಯ ಮರಳು ದಿಬ್ಬದ ಹತ್ತಿರ ಬಂದಾಗ ಹಿಂದಿನಿಂದ ಒಂದು ಅಲೆ ದೋಣಿಯ ಹಿಂಬದಿಯನ್ನು ಎತ್ತಿತು. ಮುಂಬದಿ ನೀರಿಗೆ ಚುಚ್ಚಿಕೊಂಡಿತು. ಚುಕ್ಕಾಣಿಯ ಹಿಡಿತ ಕೈಯಲ್ಲಿದ್ದರೂ ದೋಣಿ ಅದನ್ನು ಕೇಳದೆ ಎಡಕ್ಕೆ ಹೊರಳಿ ಅಲೆಗೆ ಅಡ್ಡಲಾಗಿ ನಿಂತಿತು. ಮುಂದಿನ ಅಲೆ ಒಳಗೆ ಮೊಣಕಾಲುದ್ದ ನೀರು ತುಂಬಿಸಿತು. ಇಂಜಿನ್ ನಿಂತುಹೋಗಲಿಲ್ಲ ಎಂಬ ಒಂದೇ ಕಾರಣಕ್ಕೆ ನಾವು ಒಳಗೆ ಬಂದು ಸೇರಿದೆವು.

ದೋಣಿ ಕಟ್ಟುವ ದಕ್ಕೆಯಲ್ಲಿ ಕುಳಿತು ಇದೆಲ್ಲವನ್ನೂ ನೋಡುತ್ತಿದ್ದ ಹಿರಿಯ ತಾಂಡೇಲರೊಬ್ಬರು, ಅಂದರೆ ದೋಣಿ ನಡೆಸುವ ಮುಖ್ಯಸ್ಥರು, ನಮಗೆ ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರು ಕೇಳಿದ್ದು ಒಂದೇ ಮಾತು: "ಎಂತಕ್ ಗಡಿಬಿಡಿ ಮಾಷ್ಟ್ರೇ? ನೀರ್ ತಿರ್ಗಿ, ದಿಬ್ಬದ್ ಮೇಲ್ ಏರ್ಲಿ. ಅಲ್ಲಿವರಿಗೆ ಹೊರ್ಗೇ ನಿಲ್ಕ್." ನಾನು ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು. ಆ ಒಂದು ವಾಕ್ಯದಲ್ಲಿ ಎಷ್ಟು ಭೌತಶಾಸ್ತ್ರವಿದೆ ಎಂದು ಲೆಕ್ಕ ಹಾಕಿ ನೋಡಲು ನನಗೆ ಅನಂತರದ ಒಂದು ಇಡೀ ಮಳೆಗಾಲ ಬೇಕಾಯಿತು.

ಮೊದಲು ಆ ಅಲೆಯ ವಿಚಾರ. ಜೋರು ಗಾಳಿಯಿಲ್ಲದ ದಿನ ಅಲೆ ಎಲ್ಲಿಂದ ಬಂತು? ಇಂಗ್ಲಿಷಿನಲ್ಲಿ ಸ್ವೆಲ್ ಎಂದು ಕರೆಯುವ ಅಲೆ ತನ್ನನ್ನು ಹುಟ್ಟಿಸಿದ ಗಾಳಿಯನ್ನು ಹುಟ್ಟೂರಿನಲ್ಲೇ ಬಿಟ್ಟು ಬಂದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕರಾವಳಿಗೆ ಬರುವ ಇಂಥ ಅಲೆಗಳು ಬಹುತೇಕ ಹಿಂದೂ ಮಹಾಸಾಗರದ ತೀರಾ ದಕ್ಷಿಣದ ಬಿರುಗಾಳಿಗಳ ಮಕ್ಕಳು. ಒಂದು ಅಲೆಯ ತಲೆಯಿಂದ ಮುಂದಿನದರ ತಲೆಗೆ 16 ಸೆಕೆಂಡು ಹಿಡಿಯುತ್ತದೆ ಎಂದಾದರೆ, ಆಳ ಕಡಲಿನಲ್ಲಿ ಅವೆರಡರ ನಡುವಿನ ಅಂತರ ಸುಮಾರು 400 ಮೀಟರ್. ಒಂದು ಮೀಟರ್ ಎತ್ತರದ ಅಲೆ 400 ಮೀಟರ್ ಉದ್ದಕ್ಕೆ ಹರಡಿಕೊಂಡಾಗ ದೋಣಿಯಲ್ಲಿ ಕುಳಿತವನಿಗೆ ಅದು ಅಲೆಯೆಂದೇ ತೋರುವುದಿಲ್ಲ. ಅದರ ಶಕ್ತಿ ಗಂಟೆಗೆ ಸುಮಾರು 45 ಕಿ.ಮೀ. ವೇಗದಲ್ಲಿ ಸಾಗುತ್ತದೆ; ದಕ್ಷಿಣದ 40 ಡಿಗ್ರಿ ಅಕ್ಷಾಂಶದಿಂದ ಕುಂದಾಪುರಕ್ಕೆ ಬರಲು ಐದಾರು ದಿನ ಸಾಕು. ಅಂದರೆ ಹುಣ್ಣಿಮೆಯ ಮರುದಿನ ನನ್ನ ದೋಣಿಯನ್ನು ಎತ್ತಿದ ಅಲೆ ಹುಟ್ಟಿದ್ದು ದಶಮಿಯ ಹೊತ್ತಿಗೆ, ನಾನು ಎಂದೂ ಕಾಣದ ಒಂದು ಕಡಲಿನಲ್ಲಿ.

ಇಂಥ ಅಲೆ ನೆಲವನ್ನು ಮುಟ್ಟುವವರೆಗೆ ಸಾಧು. ನೀರಿನ ಆಳ ಕಡಿಮೆಯಾಗುತ್ತ ಬಂದಂತೆ ಅದರ ವೇಗ ತಗ್ಗುತ್ತದೆ, ಉದ್ದ ಕುಗ್ಗುತ್ತದೆ, ಕುಗ್ಗಿದ್ದಕ್ಕೆ ಪ್ರತಿಯಾಗಿ ಎತ್ತರ ಹೆಚ್ಚುತ್ತದೆ. ಎರಡು ಮೀಟರ್ ಆಳದ ದಿಬ್ಬದ ಮೇಲೆ ಆ 400 ಮೀಟರ್ ಉದ್ದ ಸುಮಾರು 70 ಮೀಟರಿಗೆ ಇಳಿಯುತ್ತದೆ, ಒಂದು ಮೀಟರ್ ಎತ್ತರ ಒಂದೂ ಮುಕ್ಕಾಲು ಮೀಟರಿನ ಹತ್ತಿರಕ್ಕೆ ಏರುತ್ತದೆ. ಅಲೆಯ ಎತ್ತರ ನೀರಿನ ಆಳದ ಮುಕ್ಕಾಲು ಭಾಗವನ್ನು ದಾಟಿತೆಂದರೆ ಅದು ನಿಲ್ಲಲಾರದೆ ಮುರಿದು ಬೀಳುತ್ತದೆ. ಒಂದೂ ಮುಕ್ಕಾಲು ಮೀಟರಿನ ಅಲೆ, ಎರಡು ಮೀಟರಿನ ನೀರು: ಮುರಿಯದೆ ಇನ್ನೇನು ಮಾಡೀತು? ಅದೇ ದಿಬ್ಬದ ಮೇಲೆ ಮೂರೂವರೆ ಮೀಟರ್ ನೀರಿದ್ದಿದ್ದರೆ ಅದೇ ಅಲೆ ನಮ್ಮ ದೋಣಿಯನ್ನು ಎತ್ತಿ ಇಳಿಸಿ ಸುಮ್ಮನೆ ಮುಂದೆ ಹೋಗುತ್ತಿತ್ತು.

ಕೇರಳದ ಮೀನುಗಾರರು ಇಂಥ ಅಲೆಗಳಿಂದ ಉಂಟಾಗುವ ಕಡಲುಕ್ಕನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಕಳ್ಳನಂತೆ, ಹೇಳದೆ ಕೇಳದೆ ಬರುವ ಕಡಲು. ಯುನೆಸ್ಕೊ 2012ರಲ್ಲಿ ಆ ಹೆಸರನ್ನೇ ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ, ಎಲ್ಲರೂ ಇನ್‌ಕಾಯ್ಸ್ ಎನ್ನುವ ಸಂಸ್ಥೆ, ಈಗ ಇದಕ್ಕೆಂದೇ ಮುನ್ನೆಚ್ಚರಿಕೆ ಕೊಡುತ್ತದೆ. ನಾನು ಗಾಳಿಯನ್ನಷ್ಟೇ ನೋಡಿ ಹೊರಟ ಬೆಳಿಗ್ಗೆ ಅಲೆಯ ಎತ್ತರವೂ, ಅದಕ್ಕಿಂತ ಮುಖ್ಯವಾದ ಅಲೆಯ ಅವಧಿಯೂ ಅದೇ ಮೊಬೈಲಿನಲ್ಲಿ ಒಂದು ಬೆರಳಿನಾಚೆ ಇತ್ತು. ಒಂದು ಮೀಟರ್, 16 ಸೆಕೆಂಡು. ಒಂದು ಮೀಟರ್ ಎಂಬುದನ್ನು ಓದಿದ್ದರೂ ನಾನು ನಕ್ಕು ಹೊರಡುತ್ತಿದ್ದೆನೇನೋ. ಏಳು ಸೆಕೆಂಡಿನ ಒಂದು ಮೀಟರ್ ಬೇರೆ, 16 ಸೆಕೆಂಡಿನ ಒಂದು ಮೀಟರ್ ಬೇರೆ ಎಂಬ ಅರಿವು ಆಗ ನನಗಿರಲಿಲ್ಲ.

ಇನ್ನು ಭರತ ಮತ್ತು ಇಳಿತ, ಅಂದರೆ ಕಡಲ ನೀರಿನ ದಿನನಿತ್ಯದ ಏರಿಕೆ ಮತ್ತು ಇಳಿಕೆ. ನಮ್ಮ ಕರಾವಳಿಯ ಭರತ ದೊಡ್ಡದಲ್ಲ. ಗುಜರಾತಿನ ಭಾವನಗರದ ಬಳಿ ಏರಿಳಿತದ ವ್ಯತ್ಯಾಸ 10 ಮೀಟರನ್ನೂ ಮೀರುತ್ತದೆ. ಮುಂಬೈಯಲ್ಲಿ ನಾಲ್ಕೈದು ಮೀಟರ್. ತೆಂಕಕ್ಕೆ ಬಂದಂತೆ ಅದು ತಗ್ಗುತ್ತ, ಕಾರವಾರವನ್ನು ದಾಟಿ ಮಂಗಳೂರಿಗೆ ಬರುವಾಗ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತಕ್ಕೂ ಸುಮಾರು 1.2 ಮೀಟರಿನಷ್ಟು ಮಾತ್ರ ಉಳಿಯುತ್ತದೆ. ಇಷ್ಟು ಸಣ್ಣದೆಂಬ ಕಾರಣಕ್ಕೇ ನಮ್ಮಲ್ಲಿ ದೋಣಿ ಇಟ್ಟುಕೊಂಡ ಹೊಸಬರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ದಿಬ್ಬದ ಮೇಲೆ ಇರುವುದೇ ಎರಡು ಮೂರು ಮೀಟರ್ ನೀರಾಗಿರುವಾಗ 1.2 ಮೀಟರ್ ಎಂದರೆ ಅರ್ಧ ಆಸ್ತಿ.

ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಭರತದ ಪಟ್ಟಿಗಳನ್ನು ಪ್ರಕಟಿಸುತ್ತದೆ. ಹಳಬರಿಗೆ ಆ ಪಟ್ಟಿ ಬೇಕಿಲ್ಲ, ತಿಥಿ ಸಾಕು. ಇದರ ಹಿಂದಿನ ಗಣಿತ ನನಗೆ ಬಹಳ ಹಿಡಿಸಿದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಗೆ 30 ತಿಥಿಗಳು. ಅಷ್ಟರಲ್ಲಿ ಚಂದ್ರನು ಸೂರ್ಯನಿಗಿಂತ ಒಂದು ಪೂರ್ತಿ ಸುತ್ತು, ಅಂದರೆ 24 ಗಂಟೆ, ಹಿಂದೆ ಬೀಳುತ್ತಾನೆ. 24 ಗಂಟೆಯನ್ನು 30ರಿಂದ ಭಾಗಿಸಿದರೆ 48 ನಿಮಿಷ. 24 ನಿಮಿಷದ ಘಳಿಗೆಯ ಲೆಕ್ಕದಲ್ಲಿ ಸರಿಯಾಗಿ ಎರಡು ಘಳಿಗೆ. ತಿಥಿಗೆ ಎರಡು ಘಳಿಗೆಯಂತೆ ಭರತ ತಡವಾಗುತ್ತ ಹೋಗುತ್ತದೆ, ಹದಿನೈದು ತಿಥಿ ಕಳೆದರೆ 12 ಗಂಟೆ ತುಂಬಿ ಮೊದಲಿನ ಹೊತ್ತಿಗೇ ಬಂದು ನಿಲ್ಲುತ್ತದೆ. ಆದ್ದರಿಂದ ಒಂದು ಅಳಿವೆಯಲ್ಲಿ ಪಂಚಮಿಯ ದಿನ ಭರತ ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಒಮ್ಮೆ ತಿಳಿದವನಿಗೆ ಶುಕ್ಲ ಪಕ್ಷವಾಗಲಿ ಕೃಷ್ಣ ಪಕ್ಷವಾಗಲಿ, ಎಲ್ಲ ಪಂಚಮಿಗಳ ಹೊತ್ತೂ ಹೆಚ್ಚುಕಡಿಮೆ ಗೊತ್ತಾದಂತೆಯೇ. ಗೋಡೆಯ ಮೇಲಿನ ಕ್ಯಾಲೆಂಡರೇ ಭರತದ ಪಟ್ಟಿ.

ಹೆಚ್ಚುಕಡಿಮೆ ಎಂಬ ಮಾತನ್ನು ಮಾತ್ರ ಮರೆಯಬಾರದು. ನಮ್ಮ ಕಡಲಿನಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ ಇದ್ದರೂ ಅವು ಅವಳಿಗಳಲ್ಲ. ಅನೇಕ ದಿನಗಳಲ್ಲಿ ಒಂದು ಇಳಿತ ಪೂರ್ತಿ ಕೆಳಗಿಳಿದರೆ ಇನ್ನೊಂದು ಅರ್ಧಕ್ಕೇ ನಿಂತು ಮತ್ತೆ ಏರತೊಡಗುತ್ತದೆ. ಎರಡರಲ್ಲಿ ಯಾವುದು ಹಗಲಿಗೆ ಬಂದಿದೆ, ಯಾವುದು ರಾತ್ರಿಗೆ ಬಂದಿದೆ ಎಂಬುದನ್ನು ತಿಥಿ ಹೇಳುವುದಿಲ್ಲ. ಅದಕ್ಕೆ ಪಟ್ಟಿಯೇ ಬೇಕು. ದೊಡ್ಡ ಭರತದಿಂದ ಆಳವಾದ ಇಳಿತಕ್ಕೆ ಹೋಗುವ ಆ ಆರೇಳು ಗಂಟೆಯಲ್ಲಿ ಅಳಿವೆಯಿಂದ ಹೊರಬೀಳುವ ನೀರಿನ ರಭಸ ದಿನದಲ್ಲೇ ಅತಿ ಹೆಚ್ಚು.

ನನಗೆ ತಿಳಿಯದೆ ಹೋಗಿದ್ದ ಸಂಗತಿ ಇದೇ. ಪಟ್ಟಿ ಹೇಳುವುದು ಎತ್ತರವನ್ನು; ಹರಿವನ್ನು ಅಲ್ಲ. ನೀರು 1.2 ಮೀಟರ್ ಇಳಿಯಬೇಕಿದೆ ಎಂದಿಟ್ಟುಕೊಳ್ಳಿ. ಹಡಗಿನವರು ಬಳಸುವ ಹನ್ನೆರಡರ ಲೆಕ್ಕದಂತೆ ಮೊದಲ ಗಂಟೆಯಲ್ಲಿ 10 ಸೆಂ.ಮೀ., ಎರಡನೆಯದರಲ್ಲಿ 20, ಮೂರನೆಯ ಮತ್ತು ನಾಲ್ಕನೆಯ ಗಂಟೆಗಳಲ್ಲಿ 30, 30, ಆಮೇಲೆ 20, ಕೊನೆಗೆ 10. ನಮ್ಮಲ್ಲಿಯ ಅಸಮ ಭರತಕ್ಕೆ ಈ ಲೆಕ್ಕ ಚೆನ್ನಾಗಿ ಹೊಂದುವುದಿಲ್ಲವಾದರೂ ನಡುವಿನ ಎರಡು ಗಂಟೆಗಳಲ್ಲಿ ಅರ್ಧದಷ್ಟು ನೀರು ಖಾಲಿಯಾಗುತ್ತದೆ ಎಂಬ ಮಾತು ಸರಿಯೇ. ಗಂಗೊಳ್ಳಿಯಲ್ಲಿ ಖಾಲಿಯಾಗುವುದೇನು ಸಣ್ಣ ಕೆರೆಯಲ್ಲ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ನದಿಗಳು ಕೂಡಿ ಪಂಚಗಂಗಾವಳಿಯಾಗುವ ಆ ಹಿನ್ನೀರಿನ ಹರವನ್ನೂ ಕುದ್ರುಗಳೆಂಬ ನಡುಗಡ್ಡೆಗಳನ್ನೂ ಕುಂದಾಪುರದ ಸೇತುವೆಯ ಮೇಲೆ ನಿಂತು ನೋಡಿದವರಿಗೆ ಗೊತ್ತು. ಅಷ್ಟೂ ನೀರಿಗೆ ಹೊರಹೋಗಲು ಗಂಗೊಳ್ಳಿಗೂ ಎದುರು ದಡದ ಕೋಡಿ ಎಂಬ ಊರಿಗೂ ನಡುವೆ ಇರುವುದು ಒಂದೇ ಇಕ್ಕಟ್ಟಾದ ಬಾಗಿಲು.

ಹುಣ್ಣಿಮೆಯ ಮರುದಿನ ಮಧ್ಯಾಹ್ನದ ಹೊತ್ತಿಗೆ ಭರತ ತುಂಬಿ ಇಳಿಯತೊಡಗಿದೆ ಎಂದರೆ ಮೂರೂವರೆ ಗಂಟೆಗೆ ಆ ಬಾಗಿಲಲ್ಲಿ ನೀರು ಅತ್ಯಂತ ರಭಸದಿಂದ ಹೊರಕ್ಕೆ ನುಗ್ಗುತ್ತಿರುತ್ತದೆ. ಹೊರಕ್ಕೆ ನುಗ್ಗುವ ನೀರು ಒಳಕ್ಕೆ ಬರುವ ಅಲೆಗೆ ಎದುರಾದಾಗ ಅಲೆ ಇನ್ನಷ್ಟು ಕುಗ್ಗಿ, ಇನ್ನಷ್ಟು ಕಡಿದಾಗುತ್ತದೆ. ನಾನು ಬಂದದ್ದು ಅದೇ ಹೊತ್ತಿಗೆ. ಇಡೀ ದಿನದಲ್ಲಿ ಅದಕ್ಕಿಂತ ಕೆಟ್ಟ ಗಳಿಗೆಯನ್ನು ಹುಡುಕಿದರೂ ಸಿಗುತ್ತಿರಲಿಲ್ಲ.

ಇನ್ನೊಂದು ಲೆಕ್ಕ ನನಗೆ ಕೊನೆಗೆ ಹೊಳೆದದ್ದು. ದೊಡ್ಡ ಅಲೆಗಳು ಒಂದೊಂದಾಗಿ ಬರುವುದಿಲ್ಲ. ನಾಲ್ಕೈದು ಸೇರಿ ಗುಂಪಾಗಿ ಬರುತ್ತವೆ, ಆಮೇಲೆ ಒಂದೆರಡು ನಿಮಿಷ ಕಡಲು ಸುಮ್ಮನಿರುತ್ತದೆ. ಅನುಭವಿಗಳು ದಿಬ್ಬದ ಹೊರಗೆ ಇಂಜಿನ್ ನಿಧಾನ ಮಾಡಿ ಕಾಯುವುದು ಈ ಬಿಡುವಿಗೇ. ನನ್ನ 9.9 ಅಶ್ವಶಕ್ತಿಯ ಇಂಜಿನ್ ನೀರಿನಲ್ಲಿ ಗಂಟೆಗೆ 14 ಕಿ.ಮೀ. ಓಡಿಸುತ್ತದೆ. ಹೊರಹರಿವು ಗಂಟೆಗೆ 4 ಕಿ.ಮೀ. ಇದ್ದರೆ ನೆಲದ ಲೆಕ್ಕದಲ್ಲಿ ನನಗೆ ಉಳಿಯುವುದು 10. ಮುನ್ನೂರು ಮೀಟರಿನ ಆ ಕೆಟ್ಟ ಜಾಗ ದಾಟಲು ಎರಡು ನಿಮಿಷಕ್ಕೆ ಹತ್ತಿರ. ಅಷ್ಟರಲ್ಲಿ ಬಿಡುವು ಮುಗಿದು ಮುಂದಿನ ಗುಂಪು ಬೆನ್ನಿಗೆ ಬಂದಿರುತ್ತದೆ. ನೀರು ಅದೇ ವೇಗದಲ್ಲಿ ಒಳಕ್ಕೆ ಹರಿಯುತ್ತಿದ್ದರೆ ನನಗೆ ಸಿಗುವುದು 18. ಒಂದೇ ನಿಮಿಷ, ಒಂದೇ ಬಿಡುವಿನಲ್ಲಿ ಒಳಗೆ. ತಾಂಡೇಲರು ಬರಿಯ ನೀರು ತಿರುಗಲಿ ಎನ್ನದೆ "ದಿಬ್ಬದ ಮೇಲೆ ಏರಲಿ" ಎಂದು ಸೇರಿಸಿದ್ದರ ಅರ್ಥವೂ ಆಗ ತಿಳಿಯಿತು. ನೀರು ತಿರುಗುವ ಗಳಿಗೆ ಎಂದರೆ ಹರಿವು ನಿಂತಿದೆ, ಆದರೆ ದಿಬ್ಬದ ಮೇಲೆ ನೀರು ಅತ್ಯಂತ ಕಡಿಮೆಯಿದೆ. ಹರಿವೂ ಆಳವೂ ಎರಡೂ ನಮ್ಮ ಕಡೆಗೆ ಬರುವುದು ಅದಾಗಿ ಎರಡು ಮೂರು ಗಂಟೆ ಕಳೆದ ಮೇಲೆ.

ಜೊತೆಗೆ ನೀರು ತಿರುಗುವುದು ಪಟ್ಟಿಯಲ್ಲಿ ಕೊಟ್ಟ ಹೊತ್ತಿಗೇ ಅಲ್ಲ. ಹೊರಗೆ ಕಡಲು ಏರತೊಡಗಿದ ಮೇಲೂ ಒಳಗಿನ ಹಿನ್ನೀರು ಅದಕ್ಕಿಂತ ಎತ್ತರದಲ್ಲಿರುವವರೆಗೆ ಬಾಗಿಲಲ್ಲಿ ನೀರು ಹೊರಕ್ಕೇ ಹರಿಯುತ್ತದೆ. ಬೇಸಿಗೆಯಲ್ಲಿ ಈ ತಡ ಸ್ವಲ್ಪ. ಮಳೆಗಾಲದಲ್ಲಿ, ಕೊಲ್ಲೂರು, ಹೊಸಂಗಡಿಯ ಕಡೆ ಘಟ್ಟದಲ್ಲಿ ಒಂದೇ ಸಮನೆ ಸುರಿದ ಮರುದಿನ, ಭರತದ ಹೊತ್ತಿನಲ್ಲೂ ಮೇಲಿನ ಕೆಂಪು ನೀರು ಹೊರಕ್ಕೇ ಓಡುತ್ತಿರುತ್ತದೆ; ಉಪ್ಪುನೀರು ಭಾರವಾದ್ದರಿಂದ ಅದರಡಿಯಲ್ಲಿ ನುಸುಳಿ ಒಳಗೆ ಬರುತ್ತದೆ. ಅಂಥ ದಿನ ಪಟ್ಟಿ ಹಿಡಿದು ಹೋಗುವವನು ದಕ್ಕೆಯ ಕಂಬದ ಬುಡದಲ್ಲಿ ಕಸ ಯಾವ ಕಡೆಗೆ ತೇಲುತ್ತಿದೆ ಎಂದು ನೋಡುವವನಿಗಿಂತ ದಡ್ಡ.

ಗಾಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದನ್ನು ಎಲ್ಲರೂ ನೋಡುತ್ತಾರೆ. ನವೆಂಬರಿನಿಂದ ಮಾರ್ಚ್‌ವರೆಗೆ ಬೆಳಗಿನ ಜಾವ ನೆಲದಿಂದ ತಣ್ಣನೆಯ ಮೂಡುಗಾಳಿ, ಹತ್ತು ಹನ್ನೊಂದು ಗಂಟೆಗೆ ಒಂದು ಮೌನ, ಆಮೇಲೆ ವಾಯವ್ಯದಿಂದ ಕಡಲಗಾಳಿ. ಅದು ಜೋರಾಗುವುದು ಮೂರು ನಾಲ್ಕು ಗಂಟೆಗೆ. ಈ ದಿನಚರಿಯನ್ನು ಕೆಡಿಸುವುದು ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಗುಡುಗುಮಳೆ. ಗಂಗೊಳ್ಳಿಯ ಹೊರಗಿನಿಂದ ಮೂಡಕ್ಕೆ ನೋಡಿದರೆ 1,343 ಮೀಟರ್ ಎತ್ತರದ ಕೊಡಚಾದ್ರಿ ಕಾಣುತ್ತದೆ. ಸಂಜೆ ಅದು ಕಪ್ಪು ಮೋಡದೊಳಗೆ ಮರೆಯಾಗಿ, ಕಡಲಗಾಳಿ ಇದ್ದಕ್ಕಿದ್ದಂತೆ ನಿಂತಿತೆಂದರೆ ಮುಂದೆ ಬರುವುದು ಘಟ್ಟದಿಂದ ಇಳಿಯುವ ಬಿರುಗಾಳಿ. ಅದು ದೋಣಿಯನ್ನು ದಡದಿಂದ ಆಚೆಗೆ ತಳ್ಳುತ್ತದೆ. ದಡದ ಹತ್ತಿರ ಅಲೆಯೆಬ್ಬಿಸಲು ಅದಕ್ಕೆ ಜಾಗವಿಲ್ಲದ್ದರಿಂದ ಅಲ್ಲಿ ನಿಂತು ನೋಡುವವರಿಗೆ ಕಡಲು ಶಾಂತವೆಂದೇ ಕಾಣುತ್ತದೆ.

ಕರಾವಳಿಯುದ್ದಕ್ಕೆ ಹರಿಯುವ ದೊಡ್ಡ ಪ್ರವಾಹ ಇನ್ನೂ ವಿಚಿತ್ರ. ಮುಂಗಾರಿನ ತಿಂಗಳುಗಳಲ್ಲಿ ಅದು ತೆಂಕಕ್ಕೆ ಹರಿಯುತ್ತದೆ. ಚಳಿಗಾಲದಲ್ಲಿ ದಿಕ್ಕು ಬದಲಿಸಿ ಬಡಗಿಗೆ, ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರನ್ನು ಶ್ರೀಲಂಕಾವನ್ನು ಬಳಸಿ ಹೊತ್ತು ತರುತ್ತದೆ. ಡಿಸೆಂಬರಿನ ಮಧ್ಯಾಹ್ನ ವಾಯವ್ಯದ ಗಾಳಿ ತೆಂಕು ಕಡೆಗೆ ಬೀಸುತ್ತಿರುವಾಗ ಕೆಳಗಿನ ನೀರು ಬಡಗಿಗೆ ಎಳೆಯುತ್ತಿರುತ್ತದೆ. ಗಾಳಿಗೆ ನೀರು ಎದುರಾದಾಗ ಏಳುವ ಗಿಡ್ಡ, ಒತ್ತೊತ್ತಾದ ಅಲೆಗಳು ಸೊಂಟ ಮುರಿಯುತ್ತವೆಯೇ ಹೊರತು ಸಾಮಾನ್ಯವಾಗಿ ಮುಳುಗಿಸುವುದಿಲ್ಲ. ಆದರೆ ಇಂಜಿನ್ ಕೆಟ್ಟು ನಿಂತ ದೋಣಿಯನ್ನು ಹುಡುಕಲು ಹೋಗುವವರು ಗಾಳಿಯ ದಿಕ್ಕನ್ನಷ್ಟೇ ಹಿಡಿದು ತೆಂಕಕ್ಕೆ ಹೋದರೆ ತಪ್ಪಾದೀತು. ನೀರಿನಲ್ಲಿ ತಗ್ಗಾಗಿ ಕುಳಿತ ದೋಣಿ ನೀರಿನ ಮಾತನ್ನೇ ಹೆಚ್ಚು ಕೇಳುತ್ತದೆ.

ಮುನ್ಸೂಚನೆಯನ್ನು ಓದುವುದನ್ನೂ ನಾನು ಹೊಸದಾಗಿ ಕಲಿಯಬೇಕಾಯಿತು. ಅಲೆಯ ಎತ್ತರ ಎರಡು ಮೀಟರ್ ಎಂದರೆ ಎಲ್ಲ ಅಲೆಗಳೂ ಎರಡು ಮೀಟರಿನೊಳಗೆ ಎಂದಲ್ಲ. ಅಲೆಗಳಲ್ಲಿ ದೊಡ್ಡವಾದ ಮೂರನೆಯ ಒಂದು ಭಾಗದ ಸರಾಸರಿ ಅದು. ಸಾವಿರ ಅಲೆಗಳಲ್ಲಿ ಒಂದು ಅದರ ಎರಡು ಪಾಲಿಗೆ ಹತ್ತಿರ ಬರುತ್ತದೆ, ಹತ್ತು ಸೆಕೆಂಡಿಗೊಂದರಂತೆ ಮೂರು ಗಂಟೆಯಲ್ಲಿ ಸಾವಿರ ಅಲೆ ಬಂದೇ ಬರುತ್ತವೆ. ಹಾಗೆಯೇ ಪಟ್ಟಿಯಲ್ಲಿರುವ ಭರತದ ಎತ್ತರ ಚಂದ್ರ ಸೂರ್ಯರದ್ದು ಮಾತ್ರ. ವಾಯುಭಾರ ಒಂದು ಹೆಕ್ಟೊಪ್ಯಾಸ್ಕಲ್ ಇಳಿದರೆ ನೀರು ಸುಮಾರು ಒಂದು ಸೆಂ.ಮೀ. ಏರುತ್ತದೆ, ಅದರ ಮೇಲೆ ಗಾಳಿ ತಳ್ಳಿದ ನೀರು ಬೇರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಹೊರಗಿನಿಂದ ಹಾದು ಗುಜರಾತಿಗೆ ಹೋಯಿತು. ಇಲ್ಲಿ ನೆಲ ಮುಟ್ಟದಿದ್ದರೂ ಕಡಲು ರಸ್ತೆಗೆ ಬಂದಿತ್ತು.

ಎಚ್ಚರಿಕೆ ಕೊಡುವುದು ಒಂದು, ಅದು ದೋಣಿಗೆ ತಲುಪುವುದು ಇನ್ನೊಂದು. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ಕೇರಳ, ತಮಿಳುನಾಡಿನ ನೂರಾರು ದೋಣಿಗಳು ಮೊಬೈಲಿನ ಸಿಗ್ನಲ್ ಮುಟ್ಟದ ದೂರದಲ್ಲಿದ್ದವು. 2019ರಲ್ಲಿ ಉಪಗ್ರಹದ ಮೂಲಕ ಸಂದೇಶ ಮುಟ್ಟಿಸುವ ಜೆಮಿನಿ ಎಂಬ ಸಾಧನ ಬಂತು. ನನ್ನಂಥ ಸಣ್ಣ ದೋಣಿಯವರು ಅಷ್ಟು ದೂರ ಹೋಗುವುದಿಲ್ಲ. ಲೈಫ್ ಜಾಕೆಟ್, ಉದ್ದ ಹಗ್ಗದ ಲಂಗರು, ಕೋಸ್ಟ್ ಗಾರ್ಡಿನ 1554 ಎಂಬ ಸಂಖ್ಯೆ, ಇಷ್ಟಿದ್ದರೆ ನಡೆಯುತ್ತದೆ. ಇವುಗಳಲ್ಲಿ ಲಂಗರನ್ನು ಜನ ಹಗುರವಾಗಿ ಕಾಣುತ್ತಾರೆ. ಹೊರಗೆ ಹತ್ತು ಮೀಟರ್ ನೀರಿನಲ್ಲಿ ನಿಂತು ಕಾಯಲು ಬೇಕಾದದ್ದು ಅದೇ.

ಮಳೆಗಾಲದಲ್ಲಿ ನನ್ನ ದೋಣಿ ತೆಂಗಿನ ತೋಟದಲ್ಲಿ ಮಗುಚಿ ಮಲಗಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಕಡಲಿಗಿಳಿಯುವುದು ಸಣ್ಣ ಇಂಜಿನ್ನಿನ ನಾಡದೋಣಿಗಳು ಮಾತ್ರ, ಅವೂ ತೂಫಾನ್ ಎದ್ದು ಅಡಗಿದ ಮೇಲೆ. ಮೊನ್ನೆಯ ಜುಲೈಯಲ್ಲಿ ನಾನು ಛತ್ರಿ ಹಿಡಿದು ದಕ್ಕೆಯಲ್ಲಿ ನಿಂತು ಒಂದು ನಾಡದೋಣಿ ಒಳಬರುವುದನ್ನು ನೋಡಿದೆ. ಅದು ಹೊರಗೆ ಬಂದು ನಿಂತು ನಲವತ್ತು ನಿಮಿಷ ಹಾಗೇ ಇತ್ತು. ಒಂದು ಗುಂಪು ಅಲೆ ಹೋಯಿತು, ಎರಡನೆಯದು ಹೋಯಿತು, ಬಿಡುವು ಬಂತು, ಆದರೂ ಅವರು ಹೊರಡಲಿಲ್ಲ; ನನಗೆ ಕಾಣದ ಏನನ್ನೋ ಅವರು ನೋಡುತ್ತಿದ್ದರು. ಆರನೆಯ ಬಿಡುವಿಗೋ ಏಳನೆಯದಕ್ಕೋ ಒಮ್ಮೆಲೇ ಇಂಜಿನ್ ಏರಿಸಿ, ಒಂದು ಅಲೆಯ ಬೆನ್ನಿಗೆ ಅಂಟಿಕೊಂಡು, ಅದನ್ನು ದಾಟದೆ, ಹಿಂದಿನದಕ್ಕೂ ಸಿಗದೆ ಒಳಗೆ ಬಂದುಬಿಟ್ಟರು. ಆ ನಲವತ್ತು ನಿಮಿಷ ಏನು ನೋಡಿದಿರಿ ಎಂದು ಕೇಳಿದಾಗ, ಚುಕ್ಕಾಣಿ ಹಿಡಿದಿದ್ದ ಹುಡುಗ ಬಲೆಯಿಂದ ಕೈ ತೆಗೆಯದೆ "ನೀರಿನ ಬಣ್ಣ" ಎಂದ.

ಅದು ನನಗೆ ಇನ್ನೂ ಬಂದಿಲ್ಲ. ನನಗೆ ಬಂದಿರುವುದು ಲೆಕ್ಕ ಮಾತ್ರ, ಲೆಕ್ಕ ಹಾಕಬೇಕಾದದ್ದು ಹೊರಡುವಾಗ. ಆ ಮೇ ತಿಂಗಳ ದಿನ ಮೂರೂವರೆಗೆ ನನಗೆ ಜ್ಞಾನೋದಯವಾಗಿದ್ದರೂ ಪ್ರಯೋಜನವಿರಲಿಲ್ಲ. ಇಳಿತ ಮುಗಿದು, ನೀರು ತಿರುಗಿ, ದಿಬ್ಬ ತುಂಬುವಾಗ ರಾತ್ರಿ ಒಂಬತ್ತಾಗುತ್ತಿತ್ತು. ಈಗ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಬೆಳಿಗ್ಗೆ ಬೆಳಕು ಹರಿದು, ಬಾಗಿಲಲ್ಲಿ ನೀರು ತಿರುಗಿ, ದಿಬ್ಬದ ಮೇಲೆ ಒಂದಿಷ್ಟು ಏರಿದ ಮೇಲೆ ಹೊರಟು, ಭರತ ತುಂಬುವ ಮೊದಲೇ ಅದರ ಜೊತೆಗೆ ಒಳಗೆ ಬಂದುಬಿಡುತ್ತೇನೆ. ಗಾಳ ಹಾಕಲು ಸಿಗುವುದು ಎರಡು ಗಂಟೆಯಷ್ಟೇ. ಹನ್ನೊಂದಕ್ಕೆಲ್ಲ ಮನೆಯ ಮೆಟ್ಟಿಲು ಹತ್ತುವ ನನ್ನನ್ನೂ, ಕೈಯಲ್ಲಿರುವ ಹಗುರವಾದ ಬುಟ್ಟಿಯನ್ನೂ ನೋಡಿ ಹೆಂಡತಿ, ಬೆಳಿಗ್ಗೆಯೇ ಪೇಟೆಯಿಂದ ತಂದಿಟ್ಟ ಬಂಗುಡೆಗೆ ಮಸಾಲೆ ಅರೆಯಲು ಕೂರುತ್ತಾಳೆ.